ಕೆಂಪು ಚೀಟಿಯ ಬಾಟಲಿ

ಆ ಕಾರ್ಖಾನೆಯ ಗಾರ್ಡಿಗೆ ಕಣ್ಣು ಅಷ್ಟಕ್ಕಷ್ಟೆ, ಇದ್ದದ್ದೆಲ್ಲ ಮೂಗು. ಎದುರಿಗೆ ನಿಂತವರು ಯಾರೆಂದು ತಿಳಿಯಲು ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಬರುತ್ತಿದ್ದ. ಊಟದ ಡಬ್ಬಿಯ ಮುಚ್ಚಳ ಬೆರಳಗಲ ತೆರೆದರೆ ಸಾಕು, ಒಳಗೆ ಬೆಣ್ಣೆ ಸವರಿದ್ದಾರೋ, ಮೊಸರು ಕಲಸಿದ್ದಾರೋ, ಅಡಿಯಲ್ಲೊಂದು ಮೊಟ್ಟೆ ಅವಿತು ಕೂತಿದೆಯೋ, ಎಲ್ಲ ಹೇಳಿಬಿಡುತ್ತಿದ್ದ. ಸಿಕ್ಕಿಬಿದ್ದ ಡಬ್ಬಿಗಳು ಸಂಜೆಯವರೆಗೆ ಅವನ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಕೂತಿರುತ್ತಿದ್ದವು; ಡಬ್ಬಿಯ ಒಡೆಯರು ಒಳಗೆ ಹಸಿದ ಹೊಟ್ಟೆಯಲ್ಲಿ ದುಡಿಯುತ್ತಿದ್ದರು. ಪಾಪ, ಅವನನ್ನು ಬೈದು ಏನು ಪ್ರಯೋಜನ, ಮೂಸಿ ನೋಡುವುದೇ ಅವನ ಕೆಲಸ.

ಒಳಗೆ ತಯಾರಾಗುತ್ತಿದ್ದದ್ದು ಓಟ್ಸು, ಬಾದಾಮಿ, ಸೋಯಾ ನೆನೆಸಿ ಅರೆದು ಸೋಸಿದ ಬೆಳ್ಳನೆಯ ಪಾನೀಯ. ಪ್ರತಿ ಬಾಟಲಿಯ ಮೇಲೂ ಒಂದು ಹಸಿರು ಎಲೆಯ ಗುರುತು. ಇದರಲ್ಲಿ ಪ್ರಾಣಿಯಿಂದ ಬಂದದ್ದು ಒಂದು ತೊಟ್ಟೂ ಇಲ್ಲ, ಇದಕ್ಕಾಗಿ ಯಾವ ಜೀವಕ್ಕೂ ನೋವಾಗಿಲ್ಲ ಎಂದು ಆ ಎಲೆಯ ಅರ್ಥ. ಗುರುತು ಕೊಡುವವರು ಬೇರೊಂದು ಸಂಸ್ಥೆಯವರು. ವರ್ಷದಲ್ಲೊಮ್ಮೆ ಹೇಳದೆ ಕೇಳದೆ ಬಂದು, ಕಾರ್ಖಾನೆಯ ಮೂಲೆ ಮೂಲೆ ತಡಕಾಡಿ, ಎಲ್ಲ ಸರಿಯಿದ್ದರೆ ಎಲೆಯನ್ನು ಇನ್ನೊಂದು ವರ್ಷಕ್ಕೆ ಬಿಟ್ಟುಹೋಗುತ್ತಿದ್ದರು. ಎಲೆ ಹೋದರೆ ಕಾರ್ಖಾನೆ ಹೋದ ಹಾಗೆಯೇ. ಅದಕ್ಕೇ ಒಳಗೆ ಹಾಲು ಎನ್ನುವ ಮಾತನ್ನೂ ಆಡುವಂತಿರಲಿಲ್ಲ. ಪಾನೀಯ ಎನ್ನಬೇಕು. ಬಾಯಿತಪ್ಪಿ ಹಾಲು ಎಂದವರು ಅವತ್ತು ಪಾಳಿಯವರಿಗೆಲ್ಲ ಚಹಾ ಕೊಡಿಸಬೇಕು, ಅದೂ ಕರಿ ಚಹಾ. ಹೊಸದಾಗಿ ಸೇರಿದವರು ಮೊದಲ ವಾರ ಚಹಾ ಕೊಡಿಸಿ ಕೊಡಿಸಿಯೇ ಸುಸ್ತಾಗುತ್ತಿದ್ದರು.

ಬಾಟ್ಲಮ್ಮನಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಗಂಟೆಗೊಮ್ಮೆ ತುಂಬುವ ಯಂತ್ರದ ಬಳಿ ಹೋಗಿ, ಒಂದು ಸಣ್ಣ ಬಾಟಲಿಗೆ ಪಾನೀಯ ಹಿಡಿದು, ಒಂದು ಗುಟುಕು ರುಚಿ ನೋಡಿ, ದಿನ ಹೊತ್ತು ಬರೆದ ಬಿಳಿ ಚೀಟಿ ಅಂಟಿಸಿ, ಮಾದರಿ ಇಡುವ ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಬೇಕು. ರುಚಿಯಲ್ಲೋ ಬಣ್ಣದಲ್ಲೋ ಅನುಮಾನ ಬಂದರೆ ಬಿಳಿಯ ಬದಲು ಕೆಂಪು ಚೀಟಿ. ಕೆಂಪು ಚೀಟಿ ಬಿದ್ದ ಬಾಟಲಿಯನ್ನು ತೀರ್ಮಾನವಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ತೀರ್ಮಾನದ ಹೊಣೆ ತಮ್ಮ ತಲೆಗೇ ಕಟ್ಟಿಬಿಡುತ್ತಾರೆಂದು ಎಲ್ಲರೂ ಅದನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸುತ್ತಿದ್ದರು. ಆಫೀಸುಗಳಲ್ಲಿ ಜನ ಹೇಗಿರುತ್ತಾರೆಂದು ನಿಮಗೆ ನಾನು ಹೇಳಬೇಕೇ?

ಬಾಟ್ಲಮ್ಮ ಹೆರಿಗೆಯ ರಜೆ ಮುಗಿಸಿ ಬಂದಾಗ ಮಗಳು ಇನ್ನೂ ಮಗುಚಿಕೊಳ್ಳಲೂ ಕಲಿತಿರಲಿಲ್ಲ. ಮನೆ ಎರಡು ಬಸ್ಸು ಬದಲಾಯಿಸುವಷ್ಟು ದೂರ. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ಹಗಲಿಗೆ ಇರಲಿ ಎಂದು ಡಬ್ಬಿಯ ಹಾಲಿನ ಪುಡಿ ತಂದು ಕಲಸಿ ಕೊಟ್ಟರು. ಕುಡಿದ ಮಗು ಮೈತುಂಬ ದದ್ದು ಎದ್ದು, ರಕ್ತ ಬೆರೆತು ಭೇದಿಯಾಗಿ, ಎರಡು ದಿನ ಆಸ್ಪತ್ರೆ ಕಂಡಿತು. ಈ ಮಗುವಿಗೆ ಹಸುವಿನ ಹಾಲು ಆಗಿಬರುವುದಿಲ್ಲ, ತಾಯಿಯ ಹಾಲೇ ಕೊಡಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದರು ಡಾಕ್ಟರು. ಹೇಳುವುದು ಡಾಕ್ಟರಿಗೆ ಸುಲಭ. ತಾಯಿ ಇರುವುದು ಇಲ್ಲಿ, ಬಾಯಿ ಇರುವುದು ಅಲ್ಲಿ.

ಅವಳು ನೇರವಾಗಿ ಮ್ಯಾನೇಜರ ಬಳಿ ಹೋಗಿ ಕೇಳಿದ್ದಳು. ಮಧ್ಯಾಹ್ನ ಎದೆಹಾಲು ಹಿಂಡಿಕೊಳ್ಳಲು ಬಾಗಿಲಿರುವ ಒಂದು ಜಾಗ, ಸಂಜೆಯವರೆಗೆ ಅದನ್ನಿಡಲು ಫ್ರಿಜ್ಜಿನ ಒಂದು ಮೂಲೆ, ಅಷ್ಟೇ ಬೇಕಾದದ್ದು. ಮ್ಯಾನೇಜರ್ ಕೆಟ್ಟವನಲ್ಲ. ಒಳ್ಳೆಯವನೇ. ಆದರೆ ಹೆದರುಪುಕ್ಕಲ. ಟೇಬಲ್ಲಿನ ಮೇಲಿದ್ದ ಪೆನ್ನನ್ನು ಅಲ್ಲಿಂದಿಲ್ಲಿಗೆ ಸರಿಸಿ, ಇಲ್ಲಿಂದಲ್ಲಿಗೆ ಸರಿಸಿ, ಕೊನೆಗೆ ಕೇಳಿದ, "ನೋಡಮ್ಮ, ತಪ್ಪು ತಿಳ್ಕೋಬೇಡ. ಇದು... ಪ್ರಾಣಿಜನ್ಯ ಅಂತ ಆಗುತ್ತಾ?"

"ಏನಂದ್ರಿ ಸಾರ್?"

"ಅಲ್ಲ, ನಿಯಮದಲ್ಲಿ ಪ್ರಾಣಿಯ ಹಾಲು ಗೇಟಿನೊಳಗೆ ಇರಬಾರದು ಅಂತ ಇದೆ. ಯಾವ ಪ್ರಾಣಿ ಅಂತ ಬರೆದಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ? ಒಂದು ಮಾತು ಮೇಲಿನ ಆಫೀಸಿಗೆ ಬರೆದು ಕೇಳ್ತೀನಿ. ಸ್ಪಷ್ಟೀಕರಣ ಬರ್ಲಿ. ಅಲ್ಲೀವರೆಗೆ ಬೇಡ."

ಆ ಸ್ಪಷ್ಟೀಕರಣ ಬರಲಿಲ್ಲ. ಮೇಲಿನ ಆಫೀಸಿನವರು ಅದನ್ನು ಗುರುತು ಕೊಡುವ ಸಂಸ್ಥೆಗೆ ಕಳಿಸಿದರಂತೆ, ಅವರು ತಮ್ಮ ಸಮಿತಿಗೆ ಕಳಿಸಿದರಂತೆ, ಸಮಿತಿ ಯಾವಾಗ ಸೇರುತ್ತದೋ ಅವರಿಗೇ ಗೊತ್ತಿಲ್ಲವಂತೆ. ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಮಗುವನ್ನು ತೊಡೆಯ ಮೇಲೆ ತಟ್ಟುತ್ತಲೇ ತಲೆಯೆತ್ತಿ ನೋಡಿದರು.

"ಪ್ರಾಣಿನಾ ಅಂತ ಕೇಳಿದ್ನಾ? ಮತ್ತೆ ನೀನೇನು ಅಂತ ತಿಳ್ಕೊಂಡಿದ್ದ, ಮರ ಅಂತಲಾ?"

"ಮರ ಆಗಿದ್ರೆ ಚೆನ್ನಾಗಿತ್ತು ಅತ್ತೆ. ನಿಂತಲ್ಲೇ ನಿದ್ದೆ ಮಾಡಬಹುದಿತ್ತು."

ತಮಾಷೆಗೆ ಹೇಳಿದ ಮಾತಲ್ಲ ಅದು. ಹೆತ್ತಂದಿನಿಂದ ಅವಳು ಒಂದು ರಾತ್ರಿ ಪೂರ್ತಿ ಮಲಗಿರಲಿಲ್ಲ. ಬಸ್ಸಿನ ಸರಳು ಹಿಡಿದು ನಿಂತೇ ತೂಕಡಿಸುತ್ತಿದ್ದಳು, ಇಳಿಯುವ ಜಾಗ ದಾಟಿಹೋಗಿ ವಾಪಸು ನಡೆದುಬರುತ್ತಿದ್ದಳು. ಒಮ್ಮೆ ಮನೆಯ ಬೀಗಕ್ಕೆ ಕಾರ್ಖಾನೆಯ ಬೀಗದ ಕೈ ಹಾಕಿ ತಿರುಗಿಸುತ್ತ ಅಲ್ಲೇ ಅತ್ತುಬಿಟ್ಟಿದ್ದಳು. ಅಷ್ಟರ ಮೇಲೆ ಮಧ್ಯಾಹ್ನವಾಯಿತೆಂದರೆ ಹಾಲು ಕಟ್ಟಿ ಎದೆ ಕಲ್ಲಾಗುತ್ತಿತ್ತು. ಅದಕ್ಕೆ ಸಮಿತಿಯೂ ಗೊತ್ತಿಲ್ಲ, ಸ್ಪಷ್ಟೀಕರಣವೂ ಗೊತ್ತಿಲ್ಲ.

ಹಾಗಾಗಿ ಅವಳು ತನ್ನ ದಾರಿ ತಾನು ನೋಡಿಕೊಂಡಳು. ಎದೆಹಾಲು ಹಿಂಡುವ ಒಂದು ಪುಟ್ಟ ಕೈಪಂಪನ್ನು ಚೀಲದಲ್ಲಿಟ್ಟುಕೊಂಡು ಬಂದಳು. ಗಾರ್ಡ್ ಅದನ್ನು ಎತ್ತಿ ಹಿಡಿದು, "ಇದೇನಮ್ಮ?" ಎಂದಾಗ, "ಹೆಂಗಸರ ಸಾಮಾನು" ಎಂದಳು. ಅವನು ಕೈ ಸುಟ್ಟುಕೊಂಡವನ ಹಾಗೆ ಕೆಳಗಿಟ್ಟ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಲೇಬಲ್ಲುಗಳ ಉಗ್ರಾಣಕ್ಕೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದಳು. ಸುತ್ತ ಹಸಿರು ಎಲೆಯ ಲೇಬಲ್ಲಿನ ಸುರುಳಿಗಳು ಸೂರಿನವರೆಗೆ. ನಡುವೆ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಅವಳು. ಹಿಂಡಿದ್ದನ್ನು ಮಾದರಿಯ ಬಾಟಲಿಗೆ ತುಂಬಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಹಿಂದಕ್ಕೆ ತಳ್ಳಿ, ಯಾರೂ ಮುಟ್ಟದಿರಲಿ ಎಂದು ಒಂದು ಕೆಂಪು ಚೀಟಿ ಅಂಟಿಸುತ್ತಿದ್ದಳು. ಸಂಜೆ ಚೀಟಿ ಕಿತ್ತು ಬಾಟಲಿಯನ್ನು ಚೀಲಕ್ಕೆ ಸೇರಿಸಿದರೆ ಆಯಿತು. ಗಾರ್ಡ್ ಒಳಗೆ ಬರುವ ಡಬ್ಬಿಯನ್ನು ಮೂಸುತ್ತಿದ್ದ, ಹೊರಗೆ ಹೋಗುವುದನ್ನಲ್ಲ. ಆ ಬಾಟಲಿಯೇ ಮರುದಿನ ಹಗಲಿಗೆ ಮಗುವಿನ ಹೊಟ್ಟೆ ತುಂಬಿಸುತ್ತಿತ್ತು. ಮಗು ದುಂಡಗಾಯಿತು, ದದ್ದು ಮಾಯವಾಯಿತು.

ಎಲ್ಲ ಸರಿಯಾಗಿಯೇ ನಡೆದಿತ್ತು. ನಿದ್ದೆಗೆಟ್ಟ ತಲೆಗೆ ಒಂದು ಮಾತ್ರ ಹೊಳೆದಿರಲಿಲ್ಲ. ಕೆಂಪು ಚೀಟಿ ಕಂಡರೆ ಕಾರ್ಖಾನೆಯವರು ಮುಖ ತಿರುಗಿಸುತ್ತಾರೆ ಸರಿ. ತಪಾಸಣೆಗೆ ಬಂದವರು ಫ್ರಿಜ್ಜು ತೆರೆದರೆ ಮೊದಲು ಕೈ ಹಾಕುವುದೇ ಅದಕ್ಕೆ.

ತಪಾಸಣೆಯಮ್ಮ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು ಆಗತಾನೇ ಮುಗಿದಿತ್ತು. ತಲೆ ಪೂರ್ತಿ ನರೆತ, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಹೆಂಗಸು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಮ್ಯಾನೇಜರ್ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಬಿಳಿ ಕೋಟು, ಟೋಪಿ, ಶೂಗಳ ಮೇಲೆ ಹಾಕುವ ಚೀಲ ಕೊಡಲು ಬಾಟ್ಲಮ್ಮನನ್ನೇ ಕರೆದರು. ಬಗ್ಗಲಾರದ ಆ ಹೆಂಗಸಿನ ಕಾಲಿಗೆ ಅವಳೇ ಕೂತು ಚೀಲ ತೊಡಿಸಿದಳು.

"ಬಿಡಮ್ಮ, ನಾನೇ ಹಾಕ್ಕೋತೀನಿ."

"ಇರ್ಲಿ ಮೇಡಂ. ಮೊಣಕಾಲು ನೋವಾ?"

"ನಿನ್ನೆ ಪೂರ್ತಿ ಒಂದು ದನದ ಫಾರ್ಮಿನಲ್ಲಿ ನಿಂತಿದ್ದೆ. ಅಲ್ಲಿನ ಗುರುತು ಬೇರೆ, ದನಗಳನ್ನ ಚೆನ್ನಾಗಿ ನೋಡ್ಕೋತಾರೆ ಅಂತ ಕೊಡೋದು. ಕರು ತಾಯಿ ಜೊತೆ ಎಷ್ಟು ಹೊತ್ತು ಇರುತ್ತೆ ಅಂತ ಕೂತು ನೋಡಬೇಕು. ಬೇಗ ಬೇರೆ ಮಾಡಿದ್ರೆ ನಾವು ಗುರುತು ಕೊಡಲ್ಲ."

ಅದೃಷ್ಟವಂತ ಕರು ಎಂದುಕೊಂಡಳು ಬಾಟ್ಲಮ್ಮ. ಆಮೇಲೆ ಫ್ರಿಜ್ಜು ನೆನಪಾಯಿತು.

ಅವತ್ತಿನ ಬಾಟಲಿಯನ್ನು ಆಗಷ್ಟೇ ಇಟ್ಟು ಬಂದಿದ್ದಳು. ಓಡಿಹೋಗಿ ತೆಗೆಯೋಣವೆಂದರೆ ಮ್ಯಾನೇಜರ್, "ನೀನು ಮೇಡಂ ಜೊತೆಗೇ ಇರು, ಕೇಳಿದ್ದು ತೋರಿಸು" ಎಂದುಬಿಟ್ಟ. ಅವರು ಹೋದಲ್ಲೆಲ್ಲ ಅವಳು ಹಿಂದೆ ಹಿಂದೆ. ಸಕ್ಕರೆಯ ಮೂಟೆ ನೋಡಿದರು, ಯಂತ್ರಕ್ಕೆ ಹಚ್ಚುವ ಎಣ್ಣೆ ನೋಡಿದರು, ಲೇಬಲ್ಲಿನ ಅಂಟು ಯಾವುದರಿಂದ ಮಾಡಿದ್ದು ಎಂದು ಕೇಳಿದರು. ತಪಾಸಣೆಯಮ್ಮನ ದನಿಯಲ್ಲಿ ಜೋರು ಇಲ್ಲ, ಗತ್ತೂ ಇಲ್ಲ. ಸಾವಿರ ಸಲ ಕೇಳಿದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವವರ ಆಯಾಸ ಮಾತ್ರ ಇತ್ತು. ಕೊನೆಗೆ ಮಾದರಿಗಳ ಕೋಣೆ. ಫ್ರಿಜ್ಜಿನ ಬಾಗಿಲು ತೆರೆದು, ನೋವಿನ ಮೊಣಕಾಲನ್ನು ಮೆಲ್ಲಗೆ ಮಡಿಚಿ ಬಗ್ಗಿ, ಕೆಳಗಿನ ಅರೆಯ ಹಿಂದಿನಿಂದ ಕೆಂಪು ಚೀಟಿಯ ಬಾಟಲಿಯನ್ನೇ ಎತ್ತಿದಳು.

"ಇದು ಯಾವತ್ತಿನದು? ಚೀಟಿ ಮೇಲೆ ಏನೂ ಬರೆದಿಲ್ಲವಲ್ಲ."

ಮ್ಯಾನೇಜರ್ ಬಾಟ್ಲಮ್ಮನ ಮುಖ ನೋಡಿದ. ಬಾಟ್ಲಮ್ಮ ನೆಲ ನೋಡಿದಳು.

ತಪಾಸಣೆಯಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಮೇಲೆ ಹಳದಿ ಛಾಯೆಯ ಕೆನೆ ಒಂದು ಗೆರೆಯಾಗಿ ನಿಂತಿತ್ತು, ಕೆಳಗೆ ನೀಲಿ ಕಂಡೂ ಕಾಣದ ತೆಳು ಬಿಳುಪು. ಓಟ್ಸು ಹೀಗೆ ನಿಲ್ಲುವುದಿಲ್ಲ, ಸೋಯಾ ಕೂಡ ಇಲ್ಲ. ಚೀಲದಿಂದ ಪರೀಕ್ಷೆಯ ಪಟ್ಟಿಯೊಂದನ್ನು ತೆಗೆದು ಅದ್ದಿದಳು. ಹಸು, ಎಮ್ಮೆ, ಮೇಕೆ, ಕುರಿ, ಯಾವುದರ ಹಾಲು ಇದ್ದರೂ ಆ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಬೇಕು. ಎಲ್ಲರೂ ಬಗ್ಗಿ ನೋಡಿದರು. ಗೆರೆ ಮೂಡಲಿಲ್ಲ.

"ನೋಡಿ ಮೇಡಂ!" ಮ್ಯಾನೇಜರಿಗೆ ಹೋದ ಜೀವ ಬಂತು. "ಹಾಲು ಅಲ್ಲವೇ ಅಲ್ಲ. ಬಾದಾಮಿ ಇರಬೇಕು. ಹಾಳಾದದ್ದು ಅಂತ ತೆಗೆದಿಟ್ಟಿರ್ತಾರೆ, ಬಿಸಾಡೋದು ಮರೆತಿರ್ತಾರೆ. ಕೊಡಿ ಇಲ್ಲಿ, ಈಗಲೇ ಸುರಿದುಬಿಡ್ತೀನಿ."

ಹಾಗೆಂದವನೇ ಬಾಟಲಿ ಕಸಿದುಕೊಂಡು ಸಿಂಕಿನ ಕಡೆ ನಡೆದ. ಮುಚ್ಚಳ ಒಂದು ಸುತ್ತು ತಿರುಗಿಸಿದ.

ಬಾಟ್ಲಮ್ಮನಿಗೆ ಕಂಡದ್ದು ಸಿಂಕಲ್ಲ. ನಾಳೆ ಮಧ್ಯಾಹ್ನ, ಅತ್ತೆಯ ತೊಡೆಯ ಮೇಲೆ ಬಾಯಿ ತೆರೆದು ಹುಡುಕುವ ಮಗು.

"ಸುರೀಬೇಡಿ ಸಾರ್!"

ಕೂಗು ಎಷ್ಟು ಜೋರಾಗಿತ್ತೆಂದರೆ ಆಚೆ ತುಂಬುವ ಯಂತ್ರದ ಬಳಿ ನಿಂತಿದ್ದ ಮೇಸ್ತ್ರಿ ಬಾಗಿಲಿಗೆ ಬಂದು ಇಣುಕಿದ.

"ಯಾಕೆ? ಏನಿದೆ ಇದರಲ್ಲಿ?"

"ಅದು ನಂದು."

"ನಿಂದು ಅಂದ್ರೆ?"

"ನನ್ನ ಹಾಲು ಸಾರ್. ನನ್ನ ಮಗೂದು."

ಯಾರೂ ಚಹಾ ಕೊಡಿಸು ಎನ್ನಲಿಲ್ಲ. ಮ್ಯಾನೇಜರ್ ಬಾಟಲಿಯನ್ನು ಎಲ್ಲಿಡುವುದೆಂದು ತಿಳಿಯದೆ, ಎರಡು ಕೈಯಲ್ಲೂ ಹಿಡಿದು ನಿಂತ. ಆ ಕ್ಷಣಕ್ಕೆ ಅವನು ಮೊದಲ ಸಲ ಮಗು ಎತ್ತಿಕೊಂಡ ಗಂಡಸಿನ ಹಾಗಿದ್ದ. ಮೇಸ್ತ್ರಿಗೆ ಸುಮ್ಮನಿರಲಾಗಲಿಲ್ಲ.

"ಮನುಷ್ಯ ಪ್ರಾಣಿನಾ ಅಲ್ವಾ ಅಂತ ಮೊದಲು ಇತ್ಯರ್ಥ ಆಗ್ಲಿ ಸಾರ್. ನಮ್ಮನೇಲಿ ನನ್ನನ್ನ ದಿನಾ ಪ್ರಾಣಿ ಅಂತಾನೇ ಕರೆಯೋದು."

"ನೀನು ಸುಮ್ನೆ ಹೋಗಯ್ಯ ಆ ಕಡೆ!"

ತಪಾಸಣೆಯಮ್ಮ ಅಲ್ಲಿದ್ದ ಒಂದೇ ಒಂದು ಸ್ಟೂಲನ್ನು ಎಳೆದುಕೊಂಡು ಕೂತಳು. ಮ್ಯಾನೇಜರ ಕೈಯಿಂದ ಬಾಟಲಿ ತೆಗೆದುಕೊಂಡು, ಸಡಿಲವಾದ ಮುಚ್ಚಳವನ್ನು ಬಿಗಿ ಮಾಡಿ, ತೊಡೆಯ ಮೇಲಿಟ್ಟುಕೊಂಡಳು.

"ನಮ್ಮ ನಿಯಮದಲ್ಲಿ ಒಂದು ಮಾತಿದೆ. ಕೊಡೋ ಜೀವ ತಾನಾಗಿ ಒಪ್ಪಿ ಕೊಟ್ಟರೆ ಅದರಲ್ಲಿ ಹಿಂಸೆ ಇಲ್ಲ. ಹಸುನ ಕೇಳೋಕಾಗಲ್ಲ, ಅದಕ್ಕೇ ಹಸುವಿನ ಹಾಲು ಬೇಡ ಅಂತೀವಿ." ಅವಳು ತಲೆಯೆತ್ತಿದಳು. "ನಿನ್ನನ್ನ ಕೇಳಬಹುದು. ನೀನು ಒಪ್ಪಿ ಕೊಡ್ತಿದ್ದೀಯೇನಮ್ಮ?"

ಎಂಥ ಪ್ರಶ್ನೆ! ಬಾಟ್ಲಮ್ಮನಿಗೆ ನಗು ಬಂತು. ಹೆತ್ತಂದಿನಿಂದ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕುಡಿಸು ಎಂದಿದ್ದರು, ಎತ್ತಿಕೋ ಎಂದಿದ್ದರು, ಕೆಲಸಕ್ಕೆ ಬಾ ಎಂದಿದ್ದರು, ಬೇಡ ಎಂದಿದ್ದರು.

"ಒಪ್ಪಿದ್ದೀನಿ ಮೇಡಂ" ಎಂದಳು.

"ಹಾಗಾದ್ರೆ ಹಾಲಿನ ತಪ್ಪಿಲ್ಲ. ಆದರೆ ಗುರುತು ಪರಿಚಯ ಇಲ್ಲದ ಬಾಟಲಿ ಮಾದರಿ ಫ್ರಿಜ್ಜಿನಲ್ಲಿತ್ತು. ಕೆಂಪು ಚೀಟಿ ಸುಳ್ಳಿಗೆ ಅಂಟಿಸಿತ್ತು. ಅದನ್ನ ನಾನು ಬರೀಲೇಬೇಕು, ಕಣ್ಣಿಂದ ನೋಡಿದ್ದೀನಿ. ಸರಿಪಡಿಸೋಕೆ ಸಮಯ ಕೊಡ್ತೀನಿ, ಮತ್ತೆ ಬಂದು ನೋಡ್ತೀನಿ." ಮ್ಯಾನೇಜರ ಕಡೆ ತಿರುಗಿದಳು. "ಇವಳಿಗೊಂದು ಜಾಗ ಮಾಡಿಕೊಡಿ, ಮುಗೀತು."

"ಖಂಡಿತ ಮೇಡಂ. ಸ್ಪಷ್ಟೀಕರಣ ಕೇಳಿದ್ದೀವಿ. ಬಂದ ತಕ್ಷಣ..."

"ನಾನು ಈಗ ಹೇಳಿದ್ನಲ್ಲ."

"ನೀವು ಬಾಯಲ್ಲಿ ಹೇಳಿದ್ರಿ ಮೇಡಂ. ನನಗೆ ಸಮಿತಿಯಿಂದ ಬರಬೇಕು."

ತಪಾಸಣೆಯಮ್ಮ ಕಣ್ಣು ಮುಚ್ಚಿ ತೆರೆದಳು. ಜಗಳವಾಡುವಷ್ಟು ಶಕ್ತಿ ಆ ಮುಖದಲ್ಲಿರಲಿಲ್ಲ. ಹೊರಡುವಾಗ ಬಾಟಲಿಯನ್ನು ಬಾಟ್ಲಮ್ಮನ ಕೈಗಿಟ್ಟು, "ಕರುವಿನ ಬಗ್ಗೆ ಕೇಳೋಕೆ ನನ್ನ ಹತ್ರ ಒಂದು ಪುಟ ಪ್ರಶ್ನೆ ಇದೆ. ಇದಕ್ಕೆ ಒಂದೂ ಇಲ್ಲ" ಎಂದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಬಾಟ್ಲಮ್ಮನ ಕೆಲಸ ಹೋಗಲಿಲ್ಲ. ಅದೇ ದೊಡ್ಡ ಉಪಕಾರ ಎಂಬ ಹಾಗೆ ಎಲ್ಲರೂ ಅವಳಿಗೆ ಹೇಳಿದರು. ಮ್ಯಾನೇಜರ್ ಅವಳನ್ನು ಕರೆಸಿ, ಪೆನ್ನನ್ನು ಅಲ್ಲಿಂದಿಲ್ಲಿಗೆ ಸರಿಸಿ, "ಸಮಿತಿ ತೀರ್ಮಾನ ಬರೋವರೆಗೆ ಸ್ವಲ್ಪ ಸಹಿಸ್ಕೋಮ್ಮ. ನೂರಾರು ಜನರ ಅನ್ನದ ಪ್ರಶ್ನೆ" ಎಂದ. ಲೇಬಲ್ಲಿನ ಉಗ್ರಾಣಕ್ಕೆ ಬೀಗ ಬಿತ್ತು. ಕೈಪಂಪು ಕಂಡರೆ ಈಗ ಗಾರ್ಡ್ ಸುಮ್ಮನಿರುವ ಹಾಗಿರಲಿಲ್ಲ. ತಲೆ ತಗ್ಗಿಸಿ, "ನನ್ನನ್ನ ಬೈಕೋಬೇಡ ತಾಯಿ" ಎಂದು ತೆಗೆದು ಕಿಟಕಿಯಲ್ಲಿಟ್ಟುಕೊಂಡ, ಬೆಣ್ಣೆಯ ಡಬ್ಬಿಗಳ ಸಾಲಿನಲ್ಲಿ.

ಸಹಿಸಿಕೋ ಎನ್ನುವ ಮಾತು ಬಾಯಿಗೆ ಎಷ್ಟು ಸಲೀಸು! ಮಧ್ಯಾಹ್ನ ನೋವು ತಡೆಯಲಾಗದೆ ಅವಳು ಕಕ್ಕಸಿಗೆ ಹೋಗಿ, ಕೈಯಲ್ಲೇ ಹಿಂಡಿ, ವಾಷ್ ಬೇಸಿನ್ನಿಗೆ ಬಿಟ್ಟು ನೀರು ಹಾಕುತ್ತಿದ್ದಳು. ಸುರಿಯಬೇಡಿ ಎಂದು ಕೂಗಿದ್ದ ಅದೇ ಬಾಯಿ, ಈಗ ತನ್ನ ಕೈಯಿಂದಲೇ ಸುರಿಯುವಾಗ ಮುಚ್ಚಿಕೊಂಡಿರುತ್ತಿತ್ತು. ಹೊರಗೆ ಯಾರಾದರೂ ಕದ ತಟ್ಟಿದರೆ ಅರ್ಧಕ್ಕೇ ನಿಲ್ಲಿಸಿ, ಎದೆಗೆ ಬಟ್ಟೆ ಬಿಗಿದುಕೊಂಡು ಬರುತ್ತಿದ್ದಳು. ಒಂದು ವಾರ ಜ್ವರ ಬಂತು. ಕೋಟಿನೊಳಗೆ ಬೆವರುತ್ತಲೇ ಗಂಟೆಗೊಮ್ಮೆ ಬಾಟಲಿ ಹಿಡಿದಳು, ಒಂದು ಗುಟುಕು ರುಚಿ ನೋಡಿದಳು, ಬಿಳಿ ಚೀಟಿ ಅಂಟಿಸಿದಳು. ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಕೈ ತೋರಿಸಲು ಒಬ್ಬನೂ ಸಿಗುತ್ತಿರಲಿಲ್ಲ. ಗಾರ್ಡ್ ಒಳ್ಳೆಯವನು, ಮ್ಯಾನೇಜರ್ ಒಳ್ಳೆಯವನು, ತಪಾಸಣೆಯಮ್ಮನೂ ಒಳ್ಳೆಯವಳೇ. ಇಷ್ಟು ಜನ ಒಳ್ಳೆಯವರ ನಡುವೆ ಸಿಕ್ಕಿಕೊಂಡವಳು ಸಿಟ್ಟನ್ನು ಎಲ್ಲಿ ಇಳಿಸಬೇಕು ಹೇಳಿ.

ಮಗುವಿಗೆ ಹಗಲು ಏನಾದರೂ ಬೇಕಿತ್ತಲ್ಲ. ಡಾಕ್ಟರು ಸೋಯಾದಿಂದ ಮಾಡಿದ, ಎಳೆಮಕ್ಕಳಿಗೆಂದೇ ಇರುವ ಪುಡಿ ಬರೆದುಕೊಟ್ಟರು. ಮೊದಲು ಮಗು ಮುಖ ಸಿಂಡರಿಸಿ ಉಗುಳಿತು. ಅತ್ತು ಅತ್ತು ಸೋತು ಕುಡಿಯಿತು. ಆಮೇಲೆ ಬಾಟಲಿಯೇ ಸುಲಭವೆನಿಸಿತೋ ಏನೋ, ಸಂಜೆ ಅವಳು ಬಂದು ಎದೆಗೊತ್ತಿಕೊಂಡರೆ ಎರಡು ಸಲ ಚೀಪಿ, ಬೆನ್ನು ಬಿಲ್ಲು ಮಾಡಿ ಕಿರುಚತೊಡಗಿತು. ಅಷ್ಟು ಹೊತ್ತಿಗೆ ಅಲ್ಲೂ ಹೆಚ್ಚೇನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಎದೆ ಕಲ್ಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಬಾಟ್ಲಮ್ಮ ಯಂತ್ರದ ಬಳಿ ನಿಂತು ಕೋಟಿನ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡಳು. ನೋವಿರಲಿಲ್ಲ. ನೋವಾದರೂ ಇದ್ದಿದ್ದರೆ ಎನಿಸಿತು.

ಅವತ್ತು ಸಂಜೆ ಅತ್ತೆ ಪುಡಿ ಕಲಸಿದ ಬಾಟಲಿಯನ್ನು ಅಲ್ಲಾಡಿಸುತ್ತ, ಅವಳನ್ನು ನಗಿಸಲೆಂದೇ ಹೇಳಿದರು, "ಬಿಡೇ, ಅಂತೂ ನಿಮ್ಮ ಸೋಯಾದವರಿಗೆ ಹೊಸ ಗಿರಾಕಿ ಒಬ್ಬಳು ಸಿಕ್ಕಿದಳು."

ಅವಳು ನಗಲಿಲ್ಲ. ಅತ್ತೆ ಬಾಟಲಿ ಕೆಳಗಿಟ್ಟು, ಸೊಸೆಯ ತಲೆಯನ್ನು ಎಳೆದು ಹೆಗಲಿಗೊರಗಿಸಿಕೊಂಡರು. "ಅಳು. ಮಗು ಮಲಗಿದೆ, ಯಾರೂ ನೋಡಲ್ಲ" ಎಂದರು. ಅಳಬೇಕೆಂದು ಅವಳೂ ಅಂದುಕೊಂಡಳು. ಅತ್ತೆಯ ಹೆಗಲ ಬಿಸಿಗೆ ಹಾಗೇ ನಿದ್ದೆ ಹತ್ತಿಬಿಟ್ಟಿತು.

ಸ್ಪಷ್ಟೀಕರಣ ಬಂತು. ಮಗಳು ಮಗುಚಿಕೊಳ್ಳಲು ಕಲಿತು, ತೆವಳಲು ಕಲಿತು, ಗೋಡೆ ಹಿಡಿದು ನಿಲ್ಲಲು ಹವಣಿಸುತ್ತಿದ್ದ ಕಾಲಕ್ಕೆ ಬಂತು. ತಾಯಿಯ ಹಾಲು ಪ್ರಾಣಿಜನ್ಯವೆಂದು ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಜಾಗ ಮಾಡಿಕೊಡುವುದು ಮೆಚ್ಚತಕ್ಕದ್ದು ಎಂದು ಸಮಿತಿ ತೀರ್ಮಾನಿಸಿತ್ತು. ಮ್ಯಾನೇಜರಿಗೆ ಹಿಡಿಸಲಾರದಷ್ಟು ಸಂತೋಷ. ಒಳ್ಳೆಯವನೆಂದು ಮೊದಲೇ ಹೇಳಿದೆನಲ್ಲ. ತಾನೇ ಮುಂದೆ ನಿಂತು ಲೇಬಲ್ಲಿನ ಉಗ್ರಾಣದ ಅರ್ಧ ಖಾಲಿ ಮಾಡಿಸಿದ, ಗೋಡೆಗೆ ಬಣ್ಣ ಹೊಡೆಸಿದ, ಕೈಯಿರುವ ಮೆತ್ತನೆ ಕುರ್ಚಿ ತರಿಸಿದ, ಪುಟ್ಟದೊಂದು ಫ್ರಿಜ್ಜು ತರಿಸಿ ಅದರ ಬಾಗಿಲಿಗೆ ಹಸಿರು ಎಲೆ ಅಂಟಿಸಿದ. ಬಾಗಿಲಿಗೆ ಒಳಗಿನಿಂದ ಹೊಸ ಅಗುಳಿ. ಬಾಟ್ಲಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದ.

"ಹೇಗಿದೆ?"

ಆ ಮುಖದಲ್ಲಿ ಅಷ್ಟೊಂದು ಹಿಗ್ಗು ಇತ್ತು. ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ತ್ರಾಣವೂ ಇರಲಿಲ್ಲ. ಹೇಳಿದರೆ ಅವನು ನೊಂದುಕೊಳ್ಳುತ್ತಾನೆ, ಆಮೇಲೆ ಅವನಿಗೂ ತಾನೇ ಸಮಾಧಾನ ಮಾಡಬೇಕು.

"ಚೆನ್ನಾಗಿದೆ ಸಾರ್" ಎಂದಳು.

ಅಂದಿನಿಂದ ಮಧ್ಯಾಹ್ನ ಅವಳು ಆ ಕೋಣೆಗೆ ಹೋಗಲೇಬೇಕಾಯಿತು. ಹೋಗದಿದ್ದರೆ, "ಯಾಕಮ್ಮ, ಹೋಗಲಿಲ್ವಾ?" ಎಂದು ಮೇಸ್ತ್ರಿಯಿಂದ ಹಿಡಿದು ಗಾರ್ಡಿನವರೆಗೆ ಎಲ್ಲರೂ ವಿಚಾರಿಸುತ್ತಿದ್ದರು. ಹೋಗಿ ಅಗುಳಿ ಹಾಕಿಕೊಂಡು ಮೆತ್ತನೆ ಕುರ್ಚಿಯಲ್ಲಿ ಕೂತರೆ ಎಂಥ ಚೆಂದದ ನಿದ್ದೆ ಬರುತ್ತಿತ್ತೆಂದರೆ, ಎದ್ದಾಗ ಯಾವ ಊರು ಯಾವ ಹೊತ್ತು ಎನ್ನುವುದೇ ತಿಳಿಯುತ್ತಿರಲಿಲ್ಲ.

ಸಮಿತಿಯ ತೀರ್ಮಾನವಾದ ಮೇಲೆಯೇ ತಪ್ಪಿನ ಕಡತ ಮತ್ತೆ ತಪಾಸಣೆಯಮ್ಮನ ಕೈಗೆ ಬಂದದ್ದು. ಬರೆದಿಟ್ಟ ತಪ್ಪು ಸರಿಹೋಯಿತೇ ಎಂದು ನೋಡಲು ಅವಳು ಬಂದಳು. ಈಗ ಎರಡು ಮೊಣಕಾಲಿಗೂ ಪಟ್ಟಿ. ಬಾಟ್ಲಮ್ಮ ಮತ್ತೆ ಕೂತು ಶೂಗೆ ಚೀಲ ತೊಡಿಸಿದಳು. ಮ್ಯಾನೇಜರ್ ಮಾದರಿ ಫ್ರಿಜ್ಜು ತೋರಿಸಿದ, ಚೀಟಿಗಳು ತೋರಿಸಿದ, ಎಲ್ಲ ಅಚ್ಚುಕಟ್ಟು. ಕೊನೆಗೆ ಹೆಮ್ಮೆಯಿಂದ ಹೊಸ ಕೋಣೆಯ ಬಾಗಿಲು ತೆರೆದ. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂದಿದೆ ಎಂದು ಯಾರೋ ಕರೆದರು; ಅವನು, "ನೀವು ನೋಡ್ತಿರಿ ಮೇಡಂ, ಈಗ ಬಂದೆ" ಎಂದು ಓಡಿದ.

ಒಳಗೆ ಇಬ್ಬರೇ ಉಳಿದರು. ತಪಾಸಣೆಯಮ್ಮ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತು, "ಅಬ್ಬಾ" ಎಂದಳು. ಸುತ್ತ ನೋಡಿದಳು. ತಲೆಯಾಡಿಸಿದಳು. ಕೂತಲ್ಲಿಂದಲೇ ಕೈ ಚಾಚಿ ಪುಟ್ಟ ಫ್ರಿಜ್ಜಿನ ಬಾಗಿಲು ತೆರೆದಳು.

ಒಳಗೆ ದೀಪ ಹತ್ತಿತು. ಅರೆಗಳು ಹೊಸದಾಗಿ ಹೊಳೆಯುತ್ತಿದ್ದವು. ಒಂದು ಬಾಟಲಿಯೂ ಇರಲಿಲ್ಲ. ಬಾಟಲಿ ಇಟ್ಟು ತೆಗೆದ ಒಂದು ಕಲೆಯೂ ಇರಲಿಲ್ಲ.

"ಇವತ್ತಿಂದು ಇನ್ನೂ ಆಗಿಲ್ವೇನಮ್ಮ?"

"ನಿಂತುಹೋಯ್ತು ಮೇಡಂ."

"ಯಾವಾಗ?"

"ತುಂಬ ದಿನ ಆಯ್ತು. ಈ ಕೋಣೆ ಆಗೋಕೆ ಎಷ್ಟೋ ಮುಂಚೆ."

ತಪಾಸಣೆಯಮ್ಮ ಫ್ರಿಜ್ಜಿನ ಬಾಗಿಲು ಮುಚ್ಚಲಿಲ್ಲ. ಅದರ ತಣ್ಣನೆ ಗಾಳಿ ಇಬ್ಬರ ಕಾಲಿಗೂ ತಾಗುತ್ತಿತ್ತು.

"ಮಗು?"

"ಚೆನ್ನಾಗಿದ್ದಾಳೆ. ಪುಡಿ ಕುಡೀತಾಳೆ. ನಿಲ್ಲೋಕೆ ನೋಡ್ತಾಳೆ."

"ನಾನವತ್ತು ಬರೀದೇ ಇದ್ದಿದ್ರೆ..."

ಹೌದು ಎನ್ನಬಹುದಿತ್ತು. ಬಾಟ್ಲಮ್ಮನಿಗೆ ಆ ಒಂದು ಕ್ಷಣ ಹಾಗೇ ಹೇಳಿಬಿಡಬೇಕು ಎನಿಸಿತು. ಕೈ ತೋರಿಸಲು ಕೊನೆಗೂ ಒಬ್ಬರು ಸಿಕ್ಕಿದ್ದರು. ಆದರೆ ಎದುರಿಗೆ ಕೂತಿದ್ದದ್ದು ಎರಡು ಮೊಣಕಾಲಿಗೂ ಪಟ್ಟಿ ಸುತ್ತಿಕೊಂಡ, ಕಣ್ಣಂಚು ಕೆಂಪಾದ ಒಬ್ಬಳು ಹೆಂಗಸು.

ತಪಾಸಣೆಯಮ್ಮ ಚೀಲದಿಂದ ಕಾಗದ ತೆಗೆದಳು. ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ, ಬದುಕಿನಲ್ಲಿ ಅದೆಷ್ಟು ಕಾರ್ಖಾನೆಗಳಲ್ಲಿ ತಾನೇ ನೋಡಿ ತಾನೇ ಬರೆದವಳೋ, ಬರೆಯುವುದೇನೆಂದು ಮೊದಲ ಸಲ ಇನ್ನೊಬ್ಬರನ್ನು ಕೇಳಿದಳು.

"ಏನಂತ ಬರೀಲಿ, ಹೇಳು."

ಬಾಟ್ಲಮ್ಮ ಕುರ್ಚಿ ನೋಡಿದಳು, ಹೊಸ ಅಗುಳಿ ನೋಡಿದಳು. ಪ್ಯಾಕಿಂಗಿನಲ್ಲಿರುವ ಸಣ್ಣ ಹುಡುಗಿಯೊಬ್ಬಳು ಇತ್ತೀಚೆಗೆ ಬೆಳಗ್ಗೆ ಬೆಳಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಕಕ್ಕಸಿನ ಪಕ್ಕದ ಬಾಗಿಲಲ್ಲಿ ಅದು ಕೇಳಿಸಿದ್ದು ಬಾಟ್ಲಮ್ಮನಿಗೆ ಮಾತ್ರ.

"ಕೋಣೆ ಇದೆ, ಉಪಯೋಗದಲ್ಲಿದೆ ಅಂತ ಬರೀರಿ ಮೇಡಂ. ಖಾಲಿ ಅಂದ್ರೆ ನಾಳೆನೇ ಲೇಬಲ್ಲು ತುಂಬಿಸಿಬಿಡ್ತಾರೆ."

ತಪಾಸಣೆಯಮ್ಮ ಬರೆದಳು. ಬರೆದು, ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಹೊರಗೆ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು, ಮುಂದಿನ ಬಾಟಲಿ ಹಿಡಿಯುವ ಹೊತ್ತು ಆಗಲೇ ಮೀರಿತ್ತು. ಬಾಟ್ಲಮ್ಮ ಅವಳಿಗೆ ಕೈ ಕೊಟ್ಟು ಕುರ್ಚಿಯಿಂದ ಎಬ್ಬಿಸಿದಳು.